ವೈಡ್ನರ್ ಸಾಹೇಬರ ಎಡ ಮಂಡಿ

ಹೇವರ್ಡ್
16 ಜನವರಿ 2000

ಪ್ರೀತಿಯ ಮುನಿರಾಜಣ್ಣ,

ಎರಡು ವರ್ಷ ಸುಮ್ಮನಿದ್ದವನು ಈಗ ಯಾಕೆ ಕಾಗದ ಬರೆದ ಅಂತ ಬೈಯಬೇಡ. ಬೈಯಲೇಬೇಕಿದ್ದರೆ ಪೂರ್ತಿ ಓದಿ ಬೈ. ವೈಡ್ನರ್ ಸಾಹೇಬರು ಸಿಕ್ಕಿದರು.

ಹೌದು, ಅವರೇ. ಎಪ್ಪತ್ತೆರಡರಲ್ಲಿ ನಮ್ಮ ಫ್ಯಾಕ್ಟರಿಯ ಟ್ರೈನಿಂಗ್ ಸ್ಕೂಲಿಗೆ ಲೇತ್ ಕಲಿಸಲು ಬಂದು, ಸಂಜೆ ಹೊತ್ತು ನಮಗೆ ಫುಟ್‌ಬಾಲ್ ಕಲಿಸಿದ ಜರ್ಮನ್ ಮನುಷ್ಯ. ಎಗೋನ್ ವೈಡ್ನರ್. ಎರಡು ವರ್ಷ ನಮ್ಮನ್ನು ಗೋಳುಹೊಯ್ದುಕೊಂಡು, ಒಂದು ದಿನ ಕುಂಟುತ್ತಾ ವಿಮಾನ ಹತ್ತಿದವರು.

ನಾನೀಗ ದಿನಸಿ ಸಾಗಿಸುವ ಕೆಲಸದಲ್ಲಿದ್ದೇನೆ. ಈ ಅಮೆರಿಕದ ಜನ ಕಂಪ್ಯೂಟರಿನಲ್ಲೇ ಹಾಲು, ಬ್ರೆಡ್ಡು, ಬಾಳೆಹಣ್ಣು ಆರಿಸಿ ಗುಂಡಿ ಒತ್ತುತ್ತಾರೆ. ನಾವು ಹೇವರ್ಡಿನ ಗೋದಾಮಿನಲ್ಲಿ ಪೆಟ್ಟಿಗೆಗೆ ತುಂಬಿ, ವ್ಯಾನಿನಲ್ಲಿ ಮನೆ ಬಾಗಿಲಿಗೆ ಕೊಡುತ್ತೇವೆ. ಫ್ಯಾಕ್ಟರಿಯಲ್ಲಿ ಸ್ವಯಂನಿವೃತ್ತಿ ತಗೊಂಡು ನಮ್ಮಣ್ಣ ಇಕ್ಬಾಲ್ ಕರೆದ ಅಂತ ಇಲ್ಲಿಗೆ ಬಂದು ಸೇರಿದವನಿಗೆ ಇದೇ ದೊಡ್ಡ ಹುದ್ದೆ. ಮೊನ್ನೆ ಮಂಗಳವಾರ ಲಾಸ್ ಆಲ್ಟೋಸ್ ಅನ್ನೋ ಊರಿಗೆ ಹೋಗಿದ್ದೆ. ಎಲ್ಲಾ ಶ್ರೀಮಂತರ ಮನೆ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಚೀಟಿಯಲ್ಲಿ ವೈಡ್ನರ್ ಅಂತ ಇತ್ತು. ಬಾಗಿಲು ತೆಗೆದವರನ್ನು ನೋಡಿ ನನ್ನ ಕೈಯಿಂದ ಪೆಟ್ಟಿಗೆ ಬೀಳುವುದೊಂದು ಬಾಕಿ.

ಕೂದಲೆಲ್ಲ ಹೋಗಿದೆ. ಎತ್ತರ ಹಾಗೇ ಇದೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಕಲೀಮ್" ಅಂದರು. ಇಲ್ಲಿ ನನ್ನ ಪಾಡು ನಿನಗೆ ಗೊತ್ತಿಲ್ಲ, ಮುನಿರಾಜಣ್ಣ. ಮನೆಯಲ್ಲಿ ಉರ್ದು, ಕೆಲಸದಲ್ಲಿ ಇಂಗ್ಲಿಷು. ನಾನು ಫುಟ್‌ಬಾಲ್ ಆಡುತ್ತಿದ್ದೆ ಅಂದರೆ ಅಣ್ಣನ ಮಗಳು ಅರೀಬಾ "ರಿಯಲೀ, ಚಾಚಾ?" ಅಂತ ನಗುತ್ತಾಳೆ. ಈ ಊರಿನಲ್ಲಿ ನನ್ನ ಹಳೇ ಕಾಲವನ್ನು ಕಂಡ ಒಂದು ಮುಖ ಸಿಕ್ಕಿತಲ್ಲ ಅಂತ ಆಯಿತು.

ಯಾರಿಗೆ ಹೇಳಲಿ, ನಿನಗೇ ಬರೆದೆ.

ನಿನ್ನ
ಕಲೀಮ್


ಆಸ್ಟಿನ್ ಟೌನ್, ಬೆಂಗಳೂರು
6 ಫೆಬ್ರವರಿ 2000

ಕಲೀಮಾ,

ಕಾಗದ ಬಂತು. ಪೂರ್ತಿ ಓದಿದೆ, ಆದರೂ ಬೈಯುತ್ತೇನೆ. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ.

ನಾನು ಚೆನ್ನಾಗಿದ್ದೇನೆ. ನೀರು ಸರಬರಾಜಿನಲ್ಲಿ ಅದೇ ವಾಲ್ವ್‌ಮನ್ ಕೆಲಸ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕು ಅಂತ ತೀರ್ಮಾನ ಮಾಡುವವನು ನಾನು, ಹಾಗಾಗಿ ನಾಲ್ಕು ಬೀದಿಯ ಹೆಂಗಸರು ನನಗೆ ಮರ್ಯಾದೆ ಕೊಡುತ್ತಾರೆ. ಮಿಕ್ಕ ಬೀದಿಯವರು ಶಾಪ ಹಾಕುತ್ತಾರೆ.

ಸಾಹೇಬರು ಈಗ ನಡೆಯುತ್ತಾರಾ? ಕೋಲು ಹಿಡಿದಿದ್ದಾರಾ? ಎಡಗಾಲು ಹೇಗಿದೆ? ಅದನ್ನು ನೀನು ಬರೆದಿಲ್ಲ. ಬಾಳೆಹಣ್ಣು ಬರೆದೆ, ಬ್ರೆಡ್ಡು ಬರೆದೆ, ಕಾಲು ಬರೆಯಲಿಲ್ಲ.

ಫೋನು ಮಾಡಬೇಡ. ಪಕ್ಕದ ಮನೆಯವರ ಮುಂದೆ ನಿಂತು ಈ ವಿಷಯ ಮಾತಾಡಲಾರೆ. ಕಾಗದವೇ ಬರಿ.

ಮುನಿರಾಜು


ಹೇವರ್ಡ್
12 ಮಾರ್ಚ್ 2000

ಪ್ರೀತಿಯ ಮುನಿರಾಜಣ್ಣ,

ಕೋಲು ಹಿಡಿದಿದ್ದಾರೆ. ಅರವತ್ತು ದಾಟಿದವರು ಹಿಡಿಯದೆ ಇನ್ನೇನು. ಅದನ್ನು ಬಿಡು, ಕಥೆ ಕೇಳು.

ಪ್ರತಿ ಮಂಗಳವಾರ ಎರಡು ಗಂಟೆಗೆ ಅವರ ಮನೆ ನನ್ನ ಪಾಲಿಗೆ ಬರುವ ಹಾಗೆ ಮಾಡಿಕೊಂಡಿದ್ದೇನೆ. ಅವರ ಮಗಳು ಬೇರೆ ಊರಲ್ಲಿದ್ದುಕೊಂಡು ಕಂಪ್ಯೂಟರಿನಲ್ಲಿ ಇವರಿಗೆ ದಿನಸಿ ಕಳಿಸುತ್ತಾಳೆ. ಕಂಪನಿ ನಮಗೆ ಒಂದು ಮನೆಗೆ ಎಂಟು ನಿಮಿಷ ಕೊಡುತ್ತದೆ. ಸಾಮಾನು ಇಡಲು ಎರಡು ನಿಮಿಷ ಸಾಕು. ಉಳಿದ ಆರು ನಿಮಿಷದಲ್ಲಿ ಸಾಹೇಬರು ಸೇಬಿನ ರಸಕ್ಕೆ ಸೋಡಾ ಬೆರೆಸಿ ಕೊಟ್ಟು ಎರಡು ಗೋಲು ಹೇಳುತ್ತಾರೆ. ನಿಜವಾಗಿ ಹೊಡೆದ ಗೋಲುಗಳು. ಯಾವ ಊರು, ಯಾವ ನಿಮಿಷ, ಚೆಂಡು ಯಾರಿಂದ ಬಂತು, ನೆಲ ಒದ್ದೆಯಿತ್ತೋ ಒಣಗಿತ್ತೋ, ಒಂದೂ ಮರೆತಿಲ್ಲ.

ನಾವು ಅವರನ್ನು ಜರ್ಮನಿಗೇ ಆಡಿದವರು ಅಂದುಕೊಂಡಿದ್ದೆವಲ್ಲ, ಟೂರ್ನಮೆಂಟಿನ ಬ್ಯಾನರಿನಲ್ಲೂ ಹಾಗೇ ಬರೆಸಿದ್ದರಲ್ಲ, ಅದು ನಮ್ಮ ಫ್ಯಾಕ್ಟರಿಯವರ ಕೈಚಳಕ. ಅರವತ್ತಮೂರರಲ್ಲಿ ಅಲ್ಲಿ ದೇಶಕ್ಕೆಲ್ಲ ಒಂದು ದೊಡ್ಡ ಲೀಗು ಮಾಡಿ ಹದಿನಾರು ಕ್ಲಬ್ಬುಗಳನ್ನು ಮೇಲೆ ಕೂರಿಸಿದರಂತೆ. ಉಳಿದವರಿಗೆ ಕೆಳಗೆ ಐದು ಪ್ರಾಂತೀಯ ಲೀಗುಗಳು. ಸಾಹೇಬರ ಕ್ಲಬ್ಬು ದಕ್ಷಿಣದ ಲೀಗಿನಲ್ಲಿ ಉಳಿಯಿತು. ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಲೇತು, ಸಂಜೆ ಪ್ರಾಕ್ಟೀಸು, ಭಾನುವಾರ ಮ್ಯಾಚು. ನಮ್ಮ ಬದುಕೇ ಅಲ್ಲವೇ? ನೂರಾ ನಲವತ್ತೆರಡು ಮ್ಯಾಚು, ಎಪ್ಪತ್ತೊಂದು ಗೋಲು. ಅರವತ್ತೇಳರಲ್ಲಿ ಅವರ ತಂಡ ಎರಡನೇ ಸ್ಥಾನಕ್ಕೆ ಬಂತು. ಅಂಥ ತಂಡಗಳನ್ನು ಸೇರಿಸಿ ಒಂದು ಗುಂಪು ಮಾಡಿ ಆಡಿಸಿ, ಗೆದ್ದವರನ್ನು ಮೇಲಕ್ಕೆ ತಗೊಳ್ಳುತ್ತಿದ್ದರು. ಕೊನೇ ಮ್ಯಾಚು ಗೆಲ್ಲಲೇಬೇಕಿತ್ತು, ಸಮ ಆಯಿತು. ಮೇಲಕ್ಕೆ ಹೋಗಲಿಲ್ಲ. ಎಪ್ಪತ್ತನಾಲ್ಕರಲ್ಲಿ ಆ ಪ್ರಾಂತೀಯ ಲೀಗನ್ನೇ ಮುಚ್ಚಿದರಂತೆ. "ನಾನು ಆಡಿದ ಲೀಗು ಈಗ ಇಲ್ಲ" ಅಂತ ಹೇಳಿ ಲೋಟ ತೊಳೆಯಲು ಎದ್ದರು.

ಆ ಮನೆಯಲ್ಲಿ ಒಂದು ಫೋಟೋ ಇಲ್ಲ, ಗೆದ್ದ ಒಂದು ಕಪ್ಪು ಇಲ್ಲ. ಗೋಡೆ ಖಾಲಿ. ನಾನು ಹೋಗದ ಆರು ದಿನ ಅವರು ಯಾರಿಗೆ ಗೋಲು ಹೇಳುತ್ತಾರೋ ಗೊತ್ತಿಲ್ಲ.

ಕಲೀಮ್


ಆಸ್ಟಿನ್ ಟೌನ್
2 ಏಪ್ರಿಲ್ 2000

ಕಲೀಮಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಇಪ್ಪತ್ತಾರು ವರ್ಷದಿಂದ ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಹೆಂಡತಿಗೂ ಹೇಳಿಲ್ಲ.

ನಮ್ಮಮ್ಮ ಹುಚ್ಚಮ್ಮ ಗೊತ್ತಲ್ಲ. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೋ ಅಂತ ಹೊಡೆದು ಕಲಿಸಿದವಳು. ಗ್ರೌಂಡಿನಲ್ಲಿ ಬ್ಯಾಕ್ ನಿಂತು ಎದುರಾಳಿಗಳನ್ನು ತಡೆಯುವಾಗಲೂ ಅದು ನನ್ನನ್ನು ಬಿಡಲಿಲ್ಲ. ಕಾಲು ತಾಗಿದರೆ ಸಾಕು, ಚೆಂಡು ಎಲ್ಲಿಗಾದರೂ ಹೋಗಲಿ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೇ ಮುಂದೆ ಓಡುತ್ತಿದ್ದೆ. ಸಾಹೇಬರಿಗೆ ಅದು ತಮಾಷೆ. ಒಂದು ದಿನ ಎಲ್ಲರನ್ನೂ ಸುತ್ತ ನಿಲ್ಲಿಸಿ, ನನ್ನಿಂದ ತಮ್ಮ ಕಾಲಿಗೆ ಒದೆಸಿ, ಬಗ್ಗಿಸಿ, ಮತ್ತೆ ಒದೆಸಿ, ಮತ್ತೆ ಬಗ್ಗಿಸಿ, ಮೂರು ಸಲ ಆಡಿಸಿದರು. "ಇದು ದೇವಸ್ಥಾನ ಅಲ್ಲ" ಅಂದರು. ಎಲ್ಲರೂ ನಕ್ಕರು. ನೀನೂ ನಕ್ಕೆ.

ನಾಲ್ಕು ದಿನದ ಮೇಲೆ ಪ್ರಾಕ್ಟೀಸ್ ಮ್ಯಾಚಿನಲ್ಲಿ ಅವರು ಬಿದ್ದರಲ್ಲ, ಮಂಡಿ ಹೋಯಿತಲ್ಲ, ಎಲ್ಲರೂ ಅದನ್ನು ಆಟದಲ್ಲಿ ಆದದ್ದು ಅಂದರು. ಆಟದಲ್ಲಿ ಆದದ್ದಲ್ಲ. ಚೆಂಡು ಆಗಲೇ ಹೋಗಿತ್ತು. ಕಾಲನ್ನು ನೋಡಿಕೊಂಡೇ ಹೊಡೆದೆ. ಆ ದಿನ ಮಾತ್ರ ಬಗ್ಗಿ ಮುಟ್ಟಲಿಲ್ಲ.

ರಾಜ್ಯ ತಂಡದ ಕ್ಯಾಂಪಿಗೆ ನಾನು ಯಾಕೆ ಹೋಗಲಿಲ್ಲ ಅಂತ ನೀವೆಲ್ಲ ಕೇಳುತ್ತಿದ್ದಿರಿ. ಜ್ವರ ಅಂದೆ. ಜ್ವರ ಅಲ್ಲ. ಒಬ್ಬ ಮನುಷ್ಯನ ಆಟವನ್ನು ಕಿತ್ತುಕೊಂಡ ಕಾಲಿನಲ್ಲಿ ಮತ್ತೆ ಚೆಂಡು ಮುಟ್ಟಲಾರೆ ಅನ್ನಿಸಿತು. ಅವತ್ತಿನಿಂದ ಗ್ರೌಂಡಿಗೆ ಕಾಲಿಟ್ಟಿಲ್ಲ. ಕೆಲಸಕ್ಕೂ ಆ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತೇನೆ.

ಒಂದು ಉಪಕಾರ ಮಾಡು. ಮುಂದಿನ ಮಂಗಳವಾರ ನನ್ನ ಹೆಸರು ಹೇಳಿ, ಬೇಕಂತಲೇ ಹೊಡೆದನಂತೆ ಅಂತಲೂ ಹೇಳಿ, ಆ ಮಂಡಿ ಮುಟ್ಟಿ ಕಣ್ಣಿಗೊತ್ತಿಕೋ. ನಿಮ್ಮಲ್ಲಿ ಅದು ಸರಿಯಲ್ಲದಿದ್ದರೆ ಬರೀ ಮುಟ್ಟಿದರೂ ಸಾಕು.

ಮುನಿರಾಜು


ಹೇವರ್ಡ್
21 ಮೇ 2000

ಮುನಿರಾಜಣ್ಣ,

ತಡವಾಯಿತು, ಕೆಲಸ ಜಾಸ್ತಿ. ಇಲ್ಲೇ ಹತ್ತಿರದ ಡಬ್ಲಿನ್ ಅನ್ನೋ ಊರಿನ ಕಡೆ ಹೊಸ ಮನೆಗಳು ಏಳುತ್ತಿವೆ, ಎಲ್ಲಾ ನಮ್ಮ ಕಡೆಯ ಇಂಜಿನಿಯರುಗಳು. ಒಬ್ಬರು ಶೈಲಜಾ ಅಂತ, ಮೈಸೂರಿನವರು, ಚೀಟಿಯಲ್ಲಿ ನನ್ನ ಕನ್ನಡ ಸಹಿ ನೋಡಿ "ಅಯ್ಯೋ, ಕನ್ನಡದವ್ರಾ? ಫಸ್ಟೇ ಹೇಳ್ಬಾರ್ದಾ, ಕಾಫಿ ಕುಡ್ಕೊಂಡು ಹೋಗಿ" ಅಂದರು. ಎಂಟು ನಿಮಿಷ ಆಗಿಹೋಗಿತ್ತು, ಕುಡಿಯಲಿಲ್ಲ.

ನೀನು ಹೇಳಿದ್ದು ಮಾಡಿದೆ. ಹೆಸರು ಹೇಳಿದೆ, ಮುಟ್ಟಿದೆ. ಅವರು ನನ್ನ ತಲೆ ಸವರಿ "ಮುನಿರಾಜು ಒಳ್ಳೆಯ ಬ್ಯಾಕ್" ಅಂದರು. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ. ನೀನೂ ಇಟ್ಟುಕೊಳ್ಳಬೇಡ. ಈ ವಿಷಯ ಇಲ್ಲಿಗೆ ಮುಗಿಯಲಿ.

ಕಲೀಮ್


ಆಸ್ಟಿನ್ ಟೌನ್
11 ಜೂನ್ 2000

ನನ್ನ ಕಲೀಮಾ,

ಏನಂತ ಬರೆಯಲಿ. ಕಾಗದ ಓದಿ ವಾಲ್ವ್ ತಿರುಗಿಸಲು ಹೋದವನು ತಿರುಗಿಸುವುದನ್ನೇ ಮರೆತು ಕೂತುಬಿಟ್ಟೆ. ಮೂರನೇ ಬೀದಿಗೆ ಎರಡು ಗಂಟೆ ಜಾಸ್ತಿ ನೀರು ಹೋಯಿತು. ಅವರಿಗೆ ಹಬ್ಬ.

ಭಾನುವಾರ ಗ್ರೌಂಡಿಗೆ ಹೋದೆ. ಅಂಚಿನಲ್ಲಿ ನಿಂತು ನೋಡಿ ಬರೋಣ ಅಂತ ಹೋದವನಿಗೆ ಹಳೇ ಗೋಲ್‌ಕೀಪರ್ ರಮೇಶ್ ಸಿಕ್ಕಿ, ಎಳೆದುಕೊಂಡು ಒಳಗೆ ನಿಲ್ಲಿಸಿದ. ವಯಸ್ಸಾದವರ ತಂಡ ಇದೆಯಂತೆ. ಹತ್ತು ನಿಮಿಷ ಆಡಿ ಏದುಸಿರು ಬಿಟ್ಟೆ. ಆದರೆ ಎರಡು ಸಲ ಚೆಂಡು ಕಿತ್ತುಕೊಂಡೆ, ಶುದ್ಧವಾಗಿ. ಐವತ್ತನೇ ವಯಸ್ಸಿನಲ್ಲಿ ಬೂಟು ಕೊಂಡಿದ್ದೇನೆ ಅಂದರೆ ನಂಬು. ನನ್ನ ಹೆಂಡತಿಗೆ ಎಲ್ಲಾ ಹೇಳಿಬಿಟ್ಟೆ. ನಿನಗೆ ಒಳ್ಳೆಯದಾಗಲಿ ಅಂದಳು.

ಸಾಹೇಬರ ಜೊತೆ ನಿಂತು ಒಂದು ಫೋಟೋ ತೆಗೆಸಿ ಕಳಿಸು. ಮನೆಯಲ್ಲಿ ಹಾಕಿಕೊಳ್ಳುತ್ತೇನೆ.

ಮುನಿರಾಜು


ಆಸ್ಟಿನ್ ಟೌನ್
3 ಸೆಪ್ಟೆಂಬರ್ 2000

ಕಲೀಮಾ,

ಫೋಟೋ ಬರಲಿಲ್ಲ, ಕಾಗದವೂ ಇಲ್ಲ. ಸಾಹೇಬರಿಗೆ ಏನಾದರೂ ಆಯಿತಾ? ಆಗಿದ್ದರೆ ಹೇಳು, ತಡೆದುಕೊಳ್ಳುತ್ತೇನೆ.

ಮುನಿರಾಜು


ಆಸ್ಟಿನ್ ಟೌನ್
19 ನವೆಂಬರ್ 2000

ಕಲೀಮಾ,

ಯೋಚಿಸಿ ಯೋಚಿಸಿ ಒಂದು ಹೊಳೆಯಿತು. ನಾನು ಮಂಡಿ ಮುಟ್ಟಿಸಿದ್ದು ನಿಮ್ಮಣ್ಣನಿಗೆ ಗೊತ್ತಾಗಿ ಮನೆಯಲ್ಲಿ ಮಾತು ಬಂತೇನೋ. ಹಾಗಿದ್ದರೆ ತಪ್ಪು ನನ್ನದು. ನಿನ್ನ ಕೈಯಲ್ಲಿ ಅಂಥದ್ದು ಮಾಡಿಸಬಾರದಿತ್ತು. ಇಕ್ಬಾಲರಿಗೆ ನನ್ನ ಹೆಸರಿನಲ್ಲಿ ಕ್ಷಮೆ ಕೇಳು. ಇಷ್ಟು ವರ್ಷದಲ್ಲಿ ನನಗೆ ಇಷ್ಟು ದೊಡ್ಡ ಉಪಕಾರ ಮಾಡಿದವನು ನೀನೊಬ್ಬನೇ. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ.

ಮುನಿರಾಜು


ಹೇವರ್ಡ್
18 ಫೆಬ್ರವರಿ 2001

ಮುನಿರಾಜಣ್ಣ,

ನಿನ್ನ ನವೆಂಬರಿನ ಕಾಗದ ಎರಡೂವರೆ ತಿಂಗಳಿಂದ ಜೇಬಿನಲ್ಲೇ ಇದೆ. ನೀನು ಕ್ಷಮೆ ಕೇಳಿದೆಯಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ನಾನು ಆ ಮಂಡಿ ಮುಟ್ಟಲಿಲ್ಲ. ನಿನ್ನ ಹೆಸರೂ ಹೇಳಲಿಲ್ಲ. ತಲೆ ಸವರಿದ್ದು, ಒಳ್ಳೆಯ ಬ್ಯಾಕ್ ಅಂದದ್ದು ಎಲ್ಲಾ ನಾನೇ ಕಟ್ಟಿದ್ದು. ಮೊದಲ ದಿನ ನನ್ನನ್ನು ಗುರುತು ಹಿಡಿದರು ಅಂತ ಬರೆದದ್ದೂ ಸುಳ್ಳು. ಮೂರು ಸಲ ಹೆಸರು ಹೇಳಿದೆ, ಫ್ಯಾಕ್ಟರಿ ಹೆಸರು ಹೇಳಿದೆ, ಆಮೇಲೆ "ಆ, ಇಂಡಿಯಾ" ಅಂದರು. ಈಗಲೂ ನನ್ನನ್ನು ಕರೀಮ್ ಅನ್ನುತ್ತಾರೆ.

ಇದು ಸಣ್ಣ ಸುಳ್ಳು. ದೊಡ್ಡದು ಬೇರೆ ಇದೆ.

ನೀನು ಅವರ ಮಂಡಿ ಮುರಿಯಲಿಲ್ಲ. ಅದು ಅರವತ್ತೇಳರಲ್ಲೇ ಹೋಗಿತ್ತು. ಆ ಕೊನೇ ಮ್ಯಾಚು ಸಮ ಆಯಿತು ಅಂತಷ್ಟೇ ಬರೆದಿದ್ದೆ. ಅರವತ್ತನೇ ನಿಮಿಷದಲ್ಲಿ ಅವರ ಎಡ ಮಂಡಿ ತಿರುಚಿಕೊಂಡಿತು. ಆಗ ಬದಲಿ ಆಟಗಾರನನ್ನು ಇಳಿಸುವ ಹಾಗಿರಲಿಲ್ಲ, ಹನ್ನೊಂದರಲ್ಲಿ ಒಬ್ಬ ಕುಂಟನಾದರೆ ಕುಂಟನೇ. ಅರ್ಧ ಗಂಟೆ ಗೆರೆಯ ಪಕ್ಕ ಒಂಟಿ ಕಾಲಿನಲ್ಲಿ ನಿಂತಿದ್ದರಂತೆ. ಕೊನೆಗೆ ಚೆಂಡು ಅವರ ಹತ್ತಿರವೇ ಬಂತು, ಗೋಲು ಖಾಲಿ ಇತ್ತು, ಹೊಡೆಯಲು ಆಗಲಿಲ್ಲ. ಆಮೇಲೆ ಮೂರು ವರ್ಷ ಬ್ಯಾಂಡೇಜು ಕಟ್ಟಿಕೊಂಡು ಎಳೆದಾಡಿ ಬಿಟ್ಟರು.

ನಮ್ಮ ಊರಿಗೆ ಬಂದಾಗಲೂ ಬ್ಯಾಂಡೇಜು ಇತ್ತು. ಪ್ರಾಕ್ಟೀಸಿಗೆ ಮೊದಲು ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅದನ್ನು ಕಟ್ಟುತ್ತಿದ್ದವನು ನಾನು. ಯಾರಿಗೂ ಹೇಳಬಾರದು ಅಂತ ಮಾತು ತಗೊಂಡಿದ್ದರು. ಬ್ಯಾನರು ಹಾಕಿಸಿದ ಫ್ಯಾಕ್ಟರಿಯವರಿಗೆ ಅವರು ಆಡಲಾರರು ಅಂತ ಗೊತ್ತಾದರೆ ವಾಪಸು ಕಳಿಸುತ್ತಿದ್ದರು. ನೀನು ಹೊಡೆದ ದಿನ ಆಸ್ಪತ್ರೆಯಲ್ಲಿ ನನಗೆ ಹೇಳಿದರು, "ಒಳ್ಳೆಯದಾಯಿತು, ಇನ್ನು ಯಾರೂ ನನ್ನನ್ನು ಆಡು ಅನ್ನುವುದಿಲ್ಲ." ನಗುತ್ತಿದ್ದರು, ಮುನಿರಾಜಣ್ಣ.

ನಾನು ಅವತ್ತೇ ಬಂದು ನಿನಗೆ ಹೇಳಬಹುದಿತ್ತು. ನೀನು ಮುಖ ಸಪ್ಪೆ ಮಾಡಿಕೊಂಡು ಮನೆಯಲ್ಲಿ ಮಲಗಿದ್ದು ನೋಡಿದ್ದೆ. ನಿನಗೆ ಜ್ವರ ಇಲ್ಲ ಅಂತ ಗೊತ್ತಿತ್ತು. ಮೊದಲು ಸಾಹೇಬರಿಗೆ ಕೊಟ್ಟ ಮಾತು ಅಂತ ಸುಮ್ಮನಿದ್ದೆ. ಕ್ಯಾಂಪಿನಲ್ಲಿ ನಿನ್ನ ಜಾಗಕ್ಕೆ ನನ್ನನ್ನು ಕರೆದ ಮೇಲೆ ಬೇರೆ ಕಾರಣಕ್ಕೆ ಸುಮ್ಮನಿದ್ದೆ. ರಾಜ್ಯ ತಂಡದ ಜರ್ಸಿ ಬಂತು, ಅದರಿಂದ ಫ್ಯಾಕ್ಟರಿಯಲ್ಲಿ ಕೆಲಸ ಕಾಯಂ ಆಯಿತು, ಮದುವೆಯಾಯಿತು. ಬಾಯಿ ಬಿಟ್ಟಿದ್ದರೆ ಅದೆಲ್ಲ ನಿನಗೆ ಬರುತ್ತಿತ್ತು. ನೀನು ನನಗಿಂತ ಒಳ್ಳೆಯ ಬ್ಯಾಕ್.

ಹೆಂಡತಿ ತೀರಿಕೊಂಡ ಮೇಲೆ, ಈ ಊರಿಗೆ ಬಂದ ಮೇಲೆ, ನನಗೆ ಕಾಗದ ಬರೆಯಲು ಉಳಿದವನು ನೀನೊಬ್ಬ. ನಿಜ ಹೇಳಿ ಅದನ್ನೂ ಕಳೆದುಕೊಳ್ಳುವ ಧೈರ್ಯ ಬರಲಿಲ್ಲ.

ಕಲೀಮ್


ಬೆಂಗಳೂರು
22 ಏಪ್ರಿಲ್ 2001

ಶ್ರೀ ಕಲೀಮ್ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಒಂದೂವರೆ ತಿಂಗಳಾಯಿತು.

ನೀವು ಕ್ಷಮೆ ಕೇಳಿಲ್ಲ, ಅದು ಒಳ್ಳೆಯದಾಯಿತು. ಕೊಡಲು ನನ್ನಲ್ಲಿ ಇಲ್ಲ.

ಒಂದೇ ಕೆಲಸ ಮಾಡಿ. ಆ ಮನುಷ್ಯನ ಎದುರಿಗೆ ಕೂತು, ಎಂಟು ನಿಮಿಷ ಅಲ್ಲ, ಸಾವಕಾಶವಾಗಿ, ನನ್ನ ಹೆಸರು ಹೇಳಿ ಕೇಳಿ. ಮಂಡಿ ಮೊದಲೇ ಹೋಗಿತ್ತು ಅಂತ ಆ ಹುಡುಗನಿಗೆ ಒಂದು ಮಾತು ಯಾಕೆ ಹೇಳಲಿಲ್ಲ ಅಂತ ಕೇಳಿ. ಅವರು ಏನು ಹೇಳುತ್ತಾರೋ ಅದನ್ನೇ ಬರೆಯಿರಿ. ನಿಮ್ಮ ಕಡೆಯಿಂದ ಒಂದು ಅಕ್ಷರ ಸೇರಿಸಬೇಡಿ.

ಇತಿ,
ಮುನಿರಾಜು


ಹೇವರ್ಡ್
22 ಜುಲೈ 2001

ಮುನಿರಾಜಣ್ಣ,

ನೀನು "ನೀವು" ಅಂದರೂ ನನಗೆ ಬೇರೆ ಥರ ಬರೆಯಲು ಬರುವುದಿಲ್ಲ.

ತಡಕ್ಕೆ ಕಾರಣ ಇದೆ. ಮೇ ತಿಂಗಳಲ್ಲಿ ಸಾಹೇಬರು ಮಗಳ ಮನೆಗೆ ಹೋಗಿದ್ದರು. ಅವರು ಬರುವ ಹೊತ್ತಿಗೆ ನಮ್ಮ ಕಂಪನಿ ಮುಚ್ಚಿತು. ಒಂದು ಸೋಮವಾರ ಬೆಳಿಗ್ಗೆ ಹೋದರೆ ಗೋದಾಮಿನ ಬಾಗಿಲಿಗೆ ಕಾಗದ ಅಂಟಿಸಿದ್ದರು. ಒಳಗೆ ಟನ್ನುಗಟ್ಟಲೆ ಹಣ್ಣು ತರಕಾರಿ. ವ್ಯಾನೂ ಹೋಯಿತು, ಮಂಗಳವಾರವೂ ಹೋಯಿತು. ಮೊನ್ನೆ ಗುರುವಾರ ಮೂರು ಬಸ್ಸು ಬದಲಿಸಿ, ಆಮೇಲೆ ಒಂದು ಮೈಲಿ ನಡೆದು ಅವರ ಮನೆಗೆ ಹೋದೆ. ಪೆಟ್ಟಿಗೆ ಇಲ್ಲದೆ ಬಂದವನನ್ನು ನೋಡಿ ಅವರಿಗೆ ಯಾರೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಕೂತು ಕೇಳಿದೆ. ನಿನ್ನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿದ್ದೆ, ಓದಿದೆ. ಅವರು ಹೇಳಿದ್ದು ಇಷ್ಟು.

"ಯಾರು ಮುನಿರಾಜು?"

ಆಸ್ಟಿನ್ ಟೌನಿನ ಹುಡುಗ, ಬ್ಯಾಕ್ ಆಡುತ್ತಿದ್ದವನು, ನಿಮ್ಮ ಮಂಡಿಗೆ ಹೊಡೆದವನು ಅಂದೆ. ಕಾಲು ತಾಗಿದರೆ ಬಗ್ಗಿ ಮುಟ್ಟುತ್ತಿದ್ದವನು ಅಂದೆ. ನಾನೇ ಎದ್ದು ಮಾಡಿ ತೋರಿಸಿದೆ. ಅವರು ನಿಜವಾಗಿಯೂ ಯೋಚಿಸಿದರು. ಆಮೇಲೆ "ಅಲ್ಲಿ ತುಂಬಾ ಹುಡುಗರಿದ್ದರು. ಅಲ್ಲಿ ಯಾರಾದರೂ ನನ್ನನ್ನು ಹೊಡೆದರಾ?" ಅಂತ ನನ್ನನ್ನೇ ಕೇಳಿದರು.

ಅರವತ್ತನಾಲ್ಕರ ಮಾರ್ಚಿನಲ್ಲಿ ಹೊಡೆದ ಗೋಲಿಗೆ ಚೆಂಡು ಕೊಟ್ಟವನ ಹೆಸರು ಅವರಿಗೆ ಗೊತ್ತು. ನಿನ್ನ ಹೆಸರು ಗೊತ್ತಿಲ್ಲ. ನನ್ನದೂ ಗೊತ್ತಿಲ್ಲ. ನಮ್ಮ ಊರಿನ ಎರಡು ವರ್ಷ ಅವರ ಲೆಕ್ಕದಲ್ಲೇ ಇಲ್ಲ. ಆಟ ಮುಗಿದ ಮೇಲೆ ಎಲ್ಲೋ ಇದ್ದೆ ಅನ್ನುವಷ್ಟೇ.

ಅವರು ಅತ್ತರು, ತಪ್ಪು ಒಪ್ಪಿಕೊಂಡರು ಅಂತ ಬರೆಯಬಹುದಿತ್ತು. ಬಸ್ಸಿನಲ್ಲಿ ಬರುತ್ತಾ ಆ ಮಾತುಗಳು ತಾನಾಗಿ ಬಂದವು, ಚೆನ್ನಾಗಿಯೂ ಇದ್ದವು. ಬರೆಯಲಿಲ್ಲ. ನೀನು ಒಂದು ಅಕ್ಷರ ಸೇರಿಸಬೇಡ ಅಂದಿದ್ದೆ.

ಕಲೀಮ್


ಆಸ್ಟಿನ್ ಟೌನ್
26 ಆಗಸ್ಟ್ 2001

ಕಲೀಮ,

ಓದಿದೆ. ಮೊದಲು ನಗು ಬಂತು. ಇಪ್ಪತ್ತೇಳು ವರ್ಷ ಒಬ್ಬ ಮನುಷ್ಯನಿಗೆ ಹೆದರಿಕೊಂಡು ದಾರಿ ಸುತ್ತಿದೆ, ಆ ಮನುಷ್ಯ ಅಲ್ಲಿ ಇರಲೇ ಇಲ್ಲ. ಆಮೇಲೆ ನಗು ನಿಂತಿತು.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತದೋ ಇಲ್ಲವೋ ಹೇಳಲಾರೆ. ಬೇಗ ಹೋಗಲಿ ಅಂತ ಕಾಯಬೇಡ.

ಆದರೆ ಒಂದು ತಾಪತ್ರಯ ಇದೆ. ಅಮ್ಮ ತೀರಿಹೋದಳು. ರಮೇಶನಿಗೆ ತಾನು ತಡೆದ ಚೆಂಡು ಬಿಟ್ಟು ಬೇರೇನೂ ನೆನಪಿಲ್ಲ. ಸಾಹೇಬರ ಕಥೆ ನೀನೇ ಬರೆದೆ. ಎಪ್ಪತ್ತನಾಲ್ಕರಲ್ಲಿ ನಾನು ಹೇಗೆ ಆಡುತ್ತಿದ್ದೆ ಅಂತ ಕಂಡು, ನೆನಪಿಟ್ಟುಕೊಂಡು, ಹೇಳಬಲ್ಲವನು ಈಗ ನೀನೊಬ್ಬನೇ ಉಳಿದಿದ್ದೀಯ. ಬೇರೆ ಯಾರಾದರೂ ಇದ್ದಿದ್ದರೆ ನಿನ್ನನ್ನು ಕೇಳುತ್ತಿರಲಿಲ್ಲ.

ಅದನ್ನು ಬರಿ. ಕ್ಯಾಂಪಿಗೆ ನಾನು ಹೋಗಿದ್ದರೆ ಎಷ್ಟು ದೂರ ಹೋಗುತ್ತಿದ್ದೆ, ಅದನ್ನೂ ಬರಿ. ನಿಜ ಎಷ್ಟಿದೆಯೋ ಅಷ್ಟು ಸಾಕು.

ಮುನಿರಾಜು